ಸಾಲಾವಳಿ ನೋಡಿದ ಕಂಪ್ಯೂಟರ್

ಆಗತಾನೇ ಪ್ರಿಂಟಾದ ಕಾಗದದ ವಾಸನೆ ಬಂದರೆ ನನಗೆ ಈಗಲೂ ನ್ಯಾಮತಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಊರಿಗೆ ಬಂದ ಮೊದಲ ಕಂಪ್ಯೂಟರ್ ಅದು. ಚಪ್ಪಲಿ ಹೊರಗೆ ಬಿಟ್ಟೇ ಅದರ ದರ್ಶನ ಪಡೆಯಬೇಕಿತ್ತು. ನನ್ನ ಸೋದರತ್ತೆಯ ಜಾತಕ ಗೋವಿನಕೋವಿಯ ಹುಡುಗನ ಜಾತಕಕ್ಕೆ ಕೂಡುವುದಿಲ್ಲವೆಂದು ಅದು ತೀರ್ಪು ಕೊಟ್ಟಿತ್ತು. ಹುಡುಗ ಹುಡುಗಿ ಒಪ್ಪಿದ್ದ ಸಂಬಂಧವನ್ನು ಮುರಿಯಲು ಹುಡುಗನ ಸೋದರಮಾವ ಆ ತೀರ್ಪಿನ ಹಾಳೆ ಹಿಡಿದು ನಮ್ಮ ಮನೆಯಲ್ಲಿ ಕೂತಿದ್ದರು.

ಸಂತೆಯ ತಕ್ಕಡಿಯನ್ನೇ ನಂಬದ ಅಜ್ಜಿ ನನ್ನನ್ನು ಕರೆದುಕೊಂಡು ಕಂಪ್ಯೂಟರ್ ಅಂಗಡಿಗೆ ಹೋದಳು.

"ಯಾರ ಜಾತಕ ಅಂತ ಇದಕ್ಕೆ ಗೊತ್ತಾಗ್ತೈತೇನಪ್ಪ?"

"ಇಲ್ಲಜ್ಜಿ, ನಾವು ಹಾಕಿದ್ದನ್ನ ಲೆಕ್ಕ ಮಾಡ್ತೈತೆ, ಅಷ್ಟೇ," ಎಂದ ಅಂಗಡಿಯವನು.

"ಹಂಗಾದ್ರೆ ಅದೇ ಗೋವಿನಕೋವಿ ಹುಡುಗನಿಗೆ ಇನ್ನೊಂದು ಹೆಣ್ಣು ನೋಡು. ಹೆಸರು ಗೌರಿ."

ಹುಟ್ಟಿದ ಇಸವಿ ಕೇಳಿ ಅವನು ತಲೆಯೆತ್ತಿದ. "ಹಾಕಪ್ಪ, ಅದಕ್ಕೇನು ಗೊತ್ತಾಗಲ್ಲ ಅಂದ್ಯಲ್ಲ," ಎಂದಳು ಅಜ್ಜಿ. ಸಾಲಾವಳಿ ಅತ್ಯುತ್ತಮ, ದಾಂಪತ್ಯ ಸುಖಮಯ ಎಂದು ಯಂತ್ರ ಹರಸಿತು.

ಅಜ್ಜಿ ಮನೆಗೆ ಬಂದು ಆ ಹಾಳೆಯನ್ನು ಸೋದರಮಾವನ ಮುಂದಿಟ್ಟಳು. "ಈ ಗೌರಿ ನಮ್ಮ ಎಮ್ಮೆ ಕರು ರೀ. ಯಂತ್ರದ ಮಾತು ಕೇಳೋದಾದ್ರೆ ಹಗ್ಗ ಬಿಚ್ಚಿ ಕೊಡ್ತೀನಿ. ಹುಡುಗನ ಮಾತು ಕೇಳೋದಾದ್ರೆ ನನ್ನ ಮಗಳು ಒಳಗದಾಳೆ."

ಅವರು ಎರಡೂ ಹಾಳೆಗಳನ್ನು ಜೋಡಿಸಿ ನೋಡಿ, ಮಡಚಿ ಪಕ್ಕಕ್ಕಿಟ್ಟರು. ಆಮೇಲೆ, "ಹುಡುಗಿ ಕೈಲಿ ಒಂದು ಲೋಟ ಚಾ ಕಳಿಸ್ರಿ," ಎಂದರು.