ಒಂಬತ್ತನೆಯ ಬಾಟಲಿ

ಫ್ರಿಜ್ಜಿನ ಬಾಗಿಲು ತೆಗೆದ ವರಲಕ್ಷ್ಮಿಗೆ ಕಂಡದ್ದು ಎಂಟು ಬಾಟಲಿ ಟೀ. ದೋಸೆ ಹಿಟ್ಟಿನ ಪಾತ್ರೆ ಅಲ್ಲಿರಲಿಲ್ಲ. ಅದು ಕಿಟಕಿಯ ಪಕ್ಕದ ಕಟ್ಟೆಯ ಮೇಲೆ, ಜುಲೈ ಬಿಸಿಲಿನಲ್ಲಿ ಬೆಳಗಿನಿಂದ ಕೂತು, ಉಕ್ಕಿ, ಮುಚ್ಚಳ ತಳ್ಳಿ, ಕಟ್ಟೆಯಿಂದಿಳಿದು ಚಮಚಗಳ ಡ್ರಾಯರಿನೊಳಕ್ಕೂ ಹೊಕ್ಕಿತ್ತು.

"ರೀ!"

ಹರಿಪ್ರಸಾದ ಒಲೆಯ ಮುಂದೆಯೇ ನಿಂತಿದ್ದ. ಎದುರಿಗೆ ಒಂಬತ್ತನೆಯ ಬಾಟಲಿ, ಅದರೊಳಗೆ ಮಗಳ ಜ್ವರ ನೋಡುವುದಕ್ಕಲ್ಲ, ಅಡುಗೆಗೆಂದೇ ತರಿಸಿದ ಹೊಸ ಥರ್ಮಾಮೀಟರ್. "ಒಂದ್ನಿಮಿಷ ಇರು, ಟೆಂಪರೇಚರ್ ಇಳೀತಿದೆ," ಎಂದ, ತಿರುಗಿ ನೋಡದೆ.

"ಹಿಟ್ಟು ಯಾಕ್ರೀ ಹೊರಗಿದೆ?"

"ಒಳಗೆ ಜಾಗ ಇರ್ಲಿಲ್ಲ."

"ದೋಸೆ ಹಿಟ್ಟಿಗೆ ಜಾಗ ಇಲ್ಲ, ಈ ಕಷಾಯಕ್ಕೆ ಇದೆಯಾ?"

"ಕಷಾಯ ಅಲ್ಲ ಕಣೇ, ಐಸ್ಡ್ ಟೀ. ಬಿಸಿ ಬಿಸೀದನ್ನ ಫ್ರಿಜ್ಜಲ್ಲಿ ಇಟ್ರೆ ಮಬ್ಬಾಗುತ್ತೆ. ಹೊರಗೇ ಆರಿಸಿ ಆಮೇಲೆ ಇಡ್ಬೇಕು. ನಿನ್ನೆ ತನಕ ಗೊತ್ತಿರ್ಲಿಲ್ಲ."

ಕೆಲಸ ಹೋಗಿ ಅಂದಿಗೆ ನಲವತ್ತೊಂದು ದಿನ. ಅರವತ್ತು ದಿನದೊಳಗೆ ಇನ್ನೊಂದು ಕಂಪನಿ ಅವನ ಹೆಸರಿನಲ್ಲಿ ವೀಸಾ ಅರ್ಜಿ ಹಾಕದಿದ್ದರೆ ಕ್ಲಾರ್ಕ್ಸ್‌ಬರ್ಗಿನ ಮನೆ ಖಾಲಿ ಮಾಡಿ ಅಮೆರಿಕ ಬಿಟ್ಟು ಹೊರಡಬೇಕು. ಡೇಕೇರಿನಲ್ಲಿ ವರಲಕ್ಷ್ಮಿಯ ಕೆಲಸವೂ ಅವನ ವೀಸಾಕ್ಕೇ ಜೋತುಬಿದ್ದಿತ್ತು. ನಾಲ್ಕನೇ ಕ್ಲಾಸಿಗೆ ಹೋಗಬೇಕಾದ ಮಗಳು ಶ್ರಾವಣಿಯ ಶಾಲೆಯೂ. ಉಳಿದದ್ದು ಹತ್ತೊಂಬತ್ತು ದಿನ. ವರಲಕ್ಷ್ಮಿ ಪ್ರತಿ ಬೆಳಿಗ್ಗೆ ಹಲ್ಲುಜ್ಜುವಾಗ ಅದನ್ನು ಎಣಿಸುತ್ತಿದ್ದಳು. ಗಂಡ ಎಣಿಸುತ್ತಿದ್ದುದು ಬಾಟಲಿ.

ಅವಳು ಒಂದೊಂದನ್ನೇ ಹೊರಗೆಳೆದಳು. ಉಪ್ಪಿನಕಾಯಿಯ ಬಾಟಲಿ, ಜೇನಿನ ಬಾಟಲಿ, ಪಾಸ್ತಾ ಸಾಸಿನ ಬಾಟಲಿ, ಪ್ರತಿಯೊಂದಕ್ಕೂ ಚೀಟಿ. 'ಎರಡು: ಬೆಂಗಳೂರಿನ ಟೀ ಪುಡಿ. ಕೆಸರಿನ ಬಣ್ಣ.' 'ಆರು: ಫ್ರಿಜ್ಜಿಗೆ ಬೇಗ ಇಟ್ಟದ್ದು. ಮಬ್ಬು.' 'ಏಳು: ಹನ್ನೆರಡು ನಿಮಿಷ ನೆನೆಸಿದ್ದು. ಕಹಿ.' 'ಎಂಟು: ಚಿಟಿಕೆ ಅಡುಗೆ ಸೋಡಾ. ಕಹಿ ಕಡಿಮೆ, ಸೋಪಿನ ವಾಸನೆ.' ಹದಿಮೂರು ವರ್ಷ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ ಮಾಡಿದವನು. ಒಂದು ಸಲಕ್ಕೆ ಒಂದೇ ಬದಲಾವಣೆ, ಆದದ್ದನ್ನು ಬರೆದಿಡುವುದು, ಆಮೇಲೆ ಮುಂದಿನದು. ಅಡುಗೆಮನೆಗೂ ಅದೇ ಕ್ರಮ ಬಂದಿತ್ತು.

"ನಾನು ಕಂಡೋರ ಮಕ್ಕಳ ಮೂಗು ಒರೆಸಿ ಬರ್ತೀನಿ, ನೀವಿಲ್ಲಿ ಟೀಗೆ ಜ್ವರ ನೋಡ್ಕೊಂಡು ಕೂತಿದ್ದೀರ!" ಎಂದಳು ವರಲಕ್ಷ್ಮಿ. "ನಿಮ್ಮ ಫ್ರೆಂಡ್ ಪ್ರತಾಪ್‌ಗೆ ಫೋನ್ ಮಾಡಿ ಅಂದಿದ್ನಲ್ಲ, ಮಾಡಿದ್ರಾ?"

"ಮಾಡ್ದೆ. ಅವನ ಮ್ಯಾನೇಜರ್‌ಗೆ ರೆಸ್ಯೂಮೆ ಫಾರ್ವರ್ಡ್ ಮಾಡಿದಾನೆ."

"ಆಮೇಲೆ?"

"ಆಮೇಲೆ ಏನಿಲ್ಲ."

"ಏನಿಲ್ಲ ಅಂದ್ರೆ? ಬೇಕು ಅಂದ್ರಾ, ಬೇಡ ಅಂದ್ರಾ?"

"ಏನೂ ಅನ್ಲಿಲ್ಲ. ವರಾ, ಎಂಟನ್ನ ಒಂಚೂರು ಕುಡಿದು ನೋಡು, ಸೋಪಿನ ವಾಸನೆ ನನಗೊಬ್ಬನಿಗೇ ಬರ್ತಿದೆಯಾ ಅಂತ…"

ವರಲಕ್ಷ್ಮಿಗೆ ಅಷ್ಟು ಸಾಕಾಯಿತು. ಎಂಟನ್ನು ಸಿಂಕಿಗೆ ಬಗ್ಗಿಸಿದಳು. ಏಳನ್ನೂ ಬಗ್ಗಿಸಿದಳು. ಟೀ ಗೊಳಗೊಳನೆ ಇಳಿದು ಹೋಯಿತು. ಆರಕ್ಕೆ ಕೈ ಹಾಕಿದಾಗ ಹರಿಪ್ರಸಾದ ಬಾಟಲಿಯ ಇನ್ನೊಂದು ಪಕ್ಕ ಹಿಡಿದುಕೊಂಡ.

"ಬಿಡಿ. ಕೆಟ್ಟಿದೆ ಅಂತ ನೀವೇ ಬರೆದಿದ್ದೀರಲ್ಲ."

"ಯಾಕೆ ಕೆಡ್ತು ಅಂತಾನೂ ಬರ್ದಿದೀನಿ."

"ಅದನ್ನ ಕಟ್ಕೊಂಡು ಏನಾಗ್ಬೇಕು?"

ಅವನು ಬಾಟಲಿ ಬಿಟ್ಟ. ಥರ್ಮಾಮೀಟರನ್ನು ಒರೆಸಿ ಕೆಳಗಿಟ್ಟ. "ಇವತ್ತಿಗೆ ನೂರಾ ಹದಿನಾಲ್ಕು ಕಡೆ ಅಪ್ಲೈ ಮಾಡಿದೀನಿ," ಎಂದ. "ನೀನು ಏಳೋದಕ್ಕೆ ಮುಂಚೆ ದಿನಾ ಎರಡೋ ಮೂರೋ. ನಾನು ಯಾಕೆ ಬೇಡ ಅಂತ ಒಬ್ರೂ ಹೇಳ್ಲಿಲ್ಲ. ಏನು ಸರಿ ಮಾಡ್ಕೋಬೇಕು ಅಂತಾನೇ ಗೊತ್ತಾಗ್ತಿಲ್ಲ. ಟೀ ಆದ್ರೆ ಹೇಳುತ್ತೆ."

ನೂರಾ ಹದಿನಾಲ್ಕು ಎಂದು ವರಲಕ್ಷ್ಮಿಗೆ ಗೊತ್ತಿರಲಿಲ್ಲ; ಕೇಳಿಯೂ ಇರಲಿಲ್ಲ. ಹಾಗೆಂದು ಸಿಟ್ಟೇನೂ ಇಳಿದಿರಲಿಲ್ಲ. ಡ್ರಾಯರಿನ ತುಂಬ ಹಿಟ್ಟಿತ್ತು, ರಾತ್ರಿಗೆ ಏನು ಮಾಡುವುದೆಂದು ತೋಚಿರಲಿಲ್ಲ, ಹೇಳಬಾರದಿತ್ತೇ ಈ ಮನುಷ್ಯ! ಲೋಟಕ್ಕೆ ಐಸ್ ಸುರಿದು, ಒಂಬತ್ತನೆಯ ಬಾಟಲಿಯಿಂದ ಬಗ್ಗಿಸಿ, ಒಂದೇ ಗುಟುಕಿಗೆ ಅರ್ಧ ಕುಡಿದಳು.

"ಸಕ್ಕರೆ ವಿಪರೀತ," ಎಂದಳು, ಬೈಯುವ ದನಿಯಲ್ಲೇ. "ನಿಂಬೆಹಣ್ಣು ಏನೇನೂ ಸಾಲ್ದು. ಟೀ ಬ್ಯಾಗ್‌ನ ಹಿಂಡಿದ್ದೀರ ಅಂತ ಕಾಣುತ್ತೆ, ಗಂಟಲು ಒಗರಾಗುತ್ತೆ. ಮತ್ತೆ ಈ ಬಾಟ್ಲಿ ಸರಿಯಾಗಿ ತೊಳೆದಿಲ್ಲ, ಬೆಳ್ಳುಳ್ಳಿ ನಾತ."

ಹರಿಪ್ರಸಾದ ಒಂದೊಂದಕ್ಕೂ ತಲೆಯಾಡಿಸುತ್ತ ಕುರ್ಚಿ ಎಳೆದುಕೊಂಡು ಅವಳೆದುರಿಗೆ ಕೂತ.

"ಇನ್ನೂ ಇದ್ರೆ ಹೇಳು," ಎಂದ.