ಮೊದಲ ಸಹಿ

ಹಡಗುಗಳನ್ನು ದಕ್ಕೆಗೆ ಎಳೆದು ತರುವ ಟಗ್ ದೋಣಿಗಳು ಆ ಬಂದರಿನಲ್ಲಿ ಇದ್ದದ್ದೇ ಎರಡು. ಒಂದು ವಾಮನನದು, ಇನ್ನೊಂದು ಲೋಕಯ್ಯನದು. ವಾಮನ ತನ್ನದಕ್ಕೆ ಎರಡು ಹಾರ್ನ್ ಹಾಕಿಸಿದರೆ ಲೋಕಯ್ಯ ಮೂರು ಹಾಕಿಸುವವ. ವಾಮನನನ್ನು ಯಾರಾದರೂ ಹೊಗಳಿದರೆ ಲೋಕಯ್ಯನಿಗೆ ಅವತ್ತು ಊಟ ಸೇರುತ್ತಿರಲಿಲ್ಲ.

ಟಗ್ಗುಗಳಿಗೆ ಡೀಸೆಲ್ ಬಿಟ್ಟು ಹಸಿರು ಮೆಥನಾಲ್ ಎಂಬ ಮಾಲಿನ್ಯ ಕಡಿಮೆಯ ಇಂಧನ ತುಂಬಿಸುವ ಬಗ್ಗೆ ಬಂದರಿನ ಅಧಿಕಾರಿ ಸಭೆ ಕರೆದಿದ್ದರು. ಇಬ್ಬರೂ ಸಹಿ ಹಾಕಿದರೆ ಮಾತ್ರ ಯೋಜನೆ. ಆಗುವುದಿಲ್ಲ ಎನ್ನಲೆಂದೇ ಲೋಕಯ್ಯ ಬಂದಿದ್ದ. ಅಷ್ಟರಲ್ಲಿ ವಾಮನ ಎದ್ದು ಮೇಜು ಕುಟ್ಟಿದ.

"ನನ್ನ ಟಗ್ಗಿಗೆ ಡೀಸೆಲ್ ಬಿಟ್ಟು ಬೇರೆ ಎಂತದ್ದೂ ಹಾಕುದಿಲ್ಲ ಸಾರ್!"

ದಕ್ಕೆಯ ಜನ ಚಪ್ಪಾಳೆ ತಟ್ಟಿದರು. ಲೋಕಯ್ಯನ ಹೊಟ್ಟೆಗೆ ಬೆಂಕಿ ಬಿತ್ತು.

"ಅವನಿಗೆ ಎಂತ ಗೊತ್ತುಂಟು ಸಾರ್? ಇಡೀ ಬಂದರಿನಲ್ಲಿ ಮೊದಲ ಸಹಿ ನನ್ನದೇ. ಪೆನ್ನು ಕೊಡಿ!"

ತನ್ನ ಹೆಸರಿನ ಹಾಳೆಗೆ ಸಹಿ ಹಾಕಿ, ವಾಮನನ ಸಪ್ಪೆ ಮುಖವನ್ನು ಕಣ್ತುಂಬ ನೋಡಿ, ಎದೆಯುಬ್ಬಿಸಿ ಹೊರಬಂದ. ದಕ್ಕೆಯ ಜನರೆಲ್ಲ ಹೋದ ಮೇಲೂ ಚಪ್ಪಲಿ ಹುಡುಕುತ್ತಿದ್ದವನಿಗೆ ಒಳಗಿನಿಂದ ವಾಮನನ ನಗು ಕೇಳಿಸಿತು.

"ನಿನ್ನೆ ನಾನು ಸಹಿ ಹಾಕುವಾಗಲೇ ಹೇಳಿರ್ಲಿಲ್ವಾ ಸಾರ್, ನಾನು ಬೇಡ ಅಂದ್ರೆ ಸಾಕು, ಅವನ ಸಹಿ ತನ್ನಿಂತಾನೇ ಬರ್ತದೆ ಅಂತ?"