ಅವಲಂಬಿತರ ಕಾರ್ಡು

ಕೆಲಸ ಹೋದ ಮೇಲೂ ನಾನು ದಿನಾ ಬೆಳಗ್ಗೆ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಆಫೀಸಿಗೆ ಹೊರಡುತ್ತಿದ್ದೆ. ಅಪ್ಪನಿಗೆ ವಿಷಯ ಗೊತ್ತಾಗಬಾರದಿತ್ತು. ಅವರನ್ನು ಹಿರಿಯರ ಡೇಕೇರ್‌ಗೆ ಬಿಟ್ಟು, ಕೌಂಟರಿನಲ್ಲಿ ಕಂಪನಿಯ ಕಾರ್ಡು ಉಜ್ಜಿಸಿ, ಸಂಜೆಯವರೆಗೆ ಪಾರ್ಕಿನಲ್ಲಿ ಕೂತು ಗಂಭೀರವಾಗಿ ಕಡಲೆಕಾಯಿ ಸುಲಿಯುವುದೇ ನನ್ನ ಹೊಸ ಉದ್ಯೋಗವಾಗಿತ್ತು.

ಅವಲಂಬಿತರ ಆರೈಕೆಗೆಂದು, ತೆರಿಗೆ ಹಿಡಿಯುವ ಮೊದಲೇ ಸಂಬಳದಿಂದ ಹಣ ಎತ್ತಿ ತುಂಬಿಸುವ ಕಾರ್ಡು ಅದು. ನನ್ನನ್ನು ತೆಗೆದುಹಾಕಿದವರು ಅದನ್ನು ರದ್ದು ಮಾಡಲೂ, ಹಣ ತುಂಬಿಸುವುದನ್ನು ನಿಲ್ಲಿಸಲೂ ಮರೆತಂತಿತ್ತು. ಮಹಾ ದಡ್ಡರು ಎಂದು ಒಳಗೊಳಗೇ ನಗುತ್ತಿದ್ದೆ.

ಒಂದು ದಿನ ಕೌಂಟರಿನಲ್ಲಿ ಹೊಸ ಹುಡುಗಿ ಇದ್ದಳು.

"ಸಾರ್, ಇದು ಬ್ಲಾಕ್ ಆಗಿದೆ."

"ನಿಮ್ಮ ಮಷೀನೇ ಸರಿಯಿಲ್ಲ, ಇನ್ನೊಂದ್ಸಲ ನೋಡಿ," ಎಂದು ಗದರಿದೆ.

"ನಿಂಗೆ ಆಫೀಸಿಗೆ ಲೇಟಾಯ್ತು, ಹೊರಡೋ. ನಾನು ಮಾತಾಡ್ತೀನಿ," ಎಂದರು ಅಪ್ಪ.

ಬಾಗಿಲ ಕಡೆ ತಿರುಗಿದೆ. ಕಿವಿ ಮಂದವಾದ ಅಪ್ಪ, ತಾನು ಪಿಸುಗುಟ್ಟುತ್ತಿದ್ದೇನೆಂದುಕೊಂಡು, ಇಡೀ ಹಾಲಿಗೆ ಕೇಳುವಂತೆ ಹೇಳಿದರು:

"ನೀನು ಹೊಸಬಳು, ಗೊತ್ತಿಲ್ಲ. ಸುಮ್ನೆ ಉಜ್ಜಿದ ಹಾಗೆ ಮಾಡಿ ಅವನಿಗೆ ವಾಪಸ್ ಕೊಟ್ಬಿಡಮ್ಮ, ದುಡ್ಡು ದಿನಾ ನಾನೇ ಕೊಡೋದು."